ನೇತ್ರಾಣಿಯ ನೀರಿನೊಳಗೆ

ಭೀಮರಾಯನಗುಡಿಯವರಾದ ನಮಗೆ ಸಮುದ್ರವೆಂಬುದು ಬಹುಕಾಲ ಕೋಶದೊಳಗಿನ ಪದವಾಗಿತ್ತು. ಅಬ್ಧಿ, ಪಾರಾವಾರ, ರತ್ನಾಕರ ಎಂದು ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದೆವಾದರೂ ಮೊಣಕಾಲು ಮೀರಿದ ನೀರಿಗೆ ಎಂದೂ ಇಳಿದವರಲ್ಲ. ಅದಕ್ಕೊಂದು ಕಾರಣವುಂಟು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಕಾಲಕ್ರಮದಲ್ಲಿ ನಮ್ಮ ಸೀಮೆಗೂ ಕೃಷ್ಣೆಯ ಕಾಲುವೆ ಬಂದಿತು. ಜೋಳದ ನೆಲದಲ್ಲಿ ಭತ್ತ ಬೆಳೆಯಿತು. ನಾವು ಹೊಸದಾಗಿ ಉಪಾಧ್ಯಾಯರಾಗಿದ್ದಾಗ ನಮ್ಮ ತರಗತಿಯ ಹುಡುಗನೊಬ್ಬನು ಕಾಲುವೆಯಲ್ಲಿ ಮುಳುಗಿ ತೀರಿಹೋದನು. “ಕಾಲುವೆಯ ಕಡೆ ಹೋಗಬೇಡಿರಿ” ಎಂದು ದಿನವೂ ಗದರಿಸುತ್ತಿದ್ದವರು ನಾವೇ. ಮಕ್ಕಳಿಗೆ ಈಸು ಕಲಿಸಬೇಕೆಂದು ಮಾತ್ರ ನಮಗೆ ತೋರಿರಲಿಲ್ಲ.

ಹೀಗಿರಲು, ಅಮೆರಿಕದಲ್ಲಿರುವ ನಮ್ಮ ತಂಗಿಯ ಮಗನು ಕಳೆದ ಜನವರಿಯಲ್ಲಿ ಊರಿಗೆ ಬಂದನು. ಅವನು ಹವಾಯಿಯ ಮಾವಿ ದ್ವೀಪದ ಬಳಿ, ಅರ್ಧಚಂದ್ರಾಕಾರವಾಗಿ ಉಳಿದಿರುವ ಮೊಲೊಕಿನಿಯೆಂಬ ಜ್ವಾಲಾಮುಖಿಯ ಬಾಯಿಗೆ ಸಣ್ಣ ದೋಣಿಯಲ್ಲಿ ಹೋಗಿ, ನೀರಿನಲ್ಲಿ ಮುಖವಿಟ್ಟು ಮೀನುಗಳನ್ನು ನೋಡಿ ಬಂದವನು. ಆ ಮಾತು ಮುಗಿಯುವಂತೆಯೇ ಇರಲಿಲ್ಲ. “ಮಾವಾ, ನಮ್ಮ ಮುರ್ಡೇಶ್ವರದಾಗೂ ಅದು ಐತ್ರಿ. ಈಸಾಕ ಬರಬೇಕಂತಿಲ್ಲ, ನಡೀರಿ” ಎಂದನು. ಬೇಡವೆನ್ನಲು ನಾವು ಹುಡುಕಿದ ನೆಪಗಳನ್ನೆಲ್ಲ ನಮ್ಮ ಮನೆಯವರೇ ಮುರಿದರು. ಹುಬ್ಬಳ್ಳಿಯ ಮೇಲೆ ಘಟ್ಟವಿಳಿದು ಭಟ್ಕಳ ತಾಲ್ಲೂಕನ್ನು ಸೇರಿದೆವು.

ನೇತ್ರಾಣಿಯು ಮುರ್ಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರ್ ದೂರದ ಗುಡ್ಡದ್ವೀಪ. ಪಾರಿವಾಳದ ದ್ವೀಪವೆಂದೂ ಕರೆಯುತ್ತಾರೆ. ಮಳೆಗಾಲದಲ್ಲಿ ಅತ್ತ ಸುಳಿಯುವಂತಿಲ್ಲ. ಬೆಳಗ್ಗೆ ಎಂಟು ಮಂದಿಯ ದೋಣಿ ಹೊರಟಿತು. 123 ಅಡಿಯ ಶಿವಮೂರ್ತಿಯು ಹಿಂದೆ ಹಿಂದೆ ಸರಿದು ಹೆಬ್ಬೆರಳಿನಷ್ಟಾಯಿತು. ಹೊಟ್ಟೆ ತೊಳಸಿದ ವೃತ್ತಾಂತವನ್ನು ಬಿಟ್ಟುಬಿಡುವೆವು. ದ್ವೀಪದ ಕಡಿದಾದ ಬಂಡೆಗಳ ಮೇಲೆ ಬಿಳಿಹೊಟ್ಟೆಯ ಕಡಲಹದ್ದೊಂದು ಸುತ್ತುತ್ತಿತ್ತು. ನೌಕಾದಳದವರು ಗುರಿಯಭ್ಯಾಸಕ್ಕೆ ಬಳಸಿದ ನೆಲವಾದುದರಿಂದ ದೋಣಿಯವರು ಯಾರನ್ನೂ ದಡಕ್ಕೆ ಇಳಿಸಲಿಲ್ಲ.

ತೇಲುವ ಅಂಗಿಯನ್ನು ತೊಡಿಸಿ, ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡವನ್ನು ಬಿಗಿದು, ಬಾಯಿಗೊಂದು ಕೊಳವೆಯನ್ನು ಕೊಟ್ಟರು. ಗಾಜಿಗೂ ಕಣ್ಣಿಗೂ ನಡುವೆ ಗಾಳಿ ನಿಂತರೆ ನೀರಿನೊಳಗೆ ಸ್ಪಷ್ಟವಾಗಿ ಕಾಣುವುದು. ವಸ್ತುಗಳು ಇರುವುದಕ್ಕಿಂತ ಹತ್ತಿರವೂ ದೊಡ್ಡವೂ ಆಗಿ ತೋರುವುವು. ಕೊಳವೆಯ ತುದಿ ನೀರಿನ ಮೇಲಿರುವವರೆಗೆ ಉಸಿರಿಗೆ ಕೊರತೆಯಿಲ್ಲ. ಇಷ್ಟೆಲ್ಲ ತಿಳಿದೂ ಏಣಿಯ ಕೊನೆಯ ಮೆಟ್ಟಿಲಲ್ಲಿ ನಮ್ಮ ಕೈ ಕಂಬಿಯನ್ನು ಬಿಡಲೊಲ್ಲದು. ಮೊದಲ ಸಲ ಮುಖವಿಟ್ಟೊಡನೆ ಉಸಿರು ಕಟ್ಟಿ, ಕೆಮ್ಮಿ, ಮೇಲೆದ್ದೆವು. ನಮ್ಮ ಕಣ್ಣಮುಂದೆ ಇದ್ದುದು ಆ ಹುಡುಗನೇ. ದೋಣಿಯ ಯುವಕನು ನಮ್ಮ ಅಂಗೈಯನ್ನು ಹಿಡಿದು, “ಮಾಸ್ತರೇ, ನೀರಿನ ಸಂಗಡ ಜಗಳ ಮಾಡ್ಬೇಡಿ. ನಿಧಾನ ಉಸಿರು ಬಿಡಿ, ಅದೇ ಎತ್ತಿ ಹಿಡೀತದೆ” ಎಂದನು. ಪ್ರಾಣಾಯಾಮವನ್ನು ಮಕ್ಕಳಿಗೆ ಹೇಳಿಕೊಟ್ಟವರಿಗೆ ಪ್ರಾಣಾಯಾಮದ ಪಾಠವಾಯಿತು!

ಎರಡನೆಯ ಸಲ ಕಂಡಿತು. ಬಂಡೆಯ ಇಳಿಜಾರಿನಲ್ಲಿ ಹವಳದ ಜೀವಿಗಳು ಕಟ್ಟಿದ ಗುಪ್ಪೆಗಳು; ಅವುಗಳ ಮೇಲೆ ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ತಿರುಗುತ್ತಿದ್ದುವು. ಗಿಣಿಮೀನೊಂದು ಕಲ್ಲನ್ನು ಕಚ್ಚುವ ಕಟಕಟ ಶಬ್ದವೂ ಕೇಳಿಸಿತು. ಅದು ಪಾಚಿಗಾಗಿ ಹವಳದ ಕಲ್ಲನ್ನು ಅರೆದು ನುಂಗಿ, ಮರಳಾಗಿ ವಿಸರ್ಜಿಸುವುದಂತೆ. ಹವಳಕ್ಕೆ ಸಂಸ್ಕೃತದಲ್ಲಿ ವಿದ್ರುಮವೆಂದು ಹೆಸರು, ಒಳಗೆ ಮರವಿದೆ; ಪ್ರವಾಳವೆಂದರೆ ಚಿಗುರೂ ಹೌದು. ಪೂರ್ವಿಕರು ಅದನ್ನು ಗಿಡವೆಂದು ಬಗೆದರೇನೋ. ನಿಜದಲ್ಲಿ ಅದು ಪ್ರಾಣಿ. ಆದರೂ ಈ ಬಂಡೆ ಕಟ್ಟುವ ಹವಳಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಅನ್ನ ಮಾಡಿ ಅವುಗಳಿಗೆ ಉಣಿಸುವುದರಿಂದ ಹಳೆಯ ಹೆಸರು ಪೂರ್ತಿ ತಪ್ಪೆನ್ನಲು ನಮಗೆ ಮನಸ್ಸಿಲ್ಲ. ಕಡಲು ಬಹಳ ಕಾದರೆ ಹವಳವು ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುವುದು. ಹವಾಯಿಯವರು ಹವಳಕ್ಕೆ ಕೇಡೆಂದು ಎರಡು ರಾಸಾಯನಿಕಗಳಿರುವ ಬಿಸಿಲುಲೇಪಗಳ ಮಾರಾಟವನ್ನು 2018ರ ಕಾನೂನಿನಿಂದ ತಡೆದು, 2021ರಿಂದ ಜಾರಿಗೆ ತಂದರು. ನಮ್ಮ ದೋಣಿಯಲ್ಲಿ ಮೈಗೆಲ್ಲ ಲೇಪ ಬಳಿದು ಇಳಿದವರಿಗೆ ಯಾರೂ ಏನೂ ಅನ್ನಲಿಲ್ಲ. ಹವಳದ ಮೇಲೆ ಕಾಲೂರಬೇಡಿರೆಂದು ಒಮ್ಮೆ ಕೂಗಿದರು, ಅಷ್ಟೆ.

ಎಷ್ಟು ಹೊತ್ತಾಯಿತೋ ತಿಳಿಯದು. ಅಂಗೈ ಬರಿದಾಗಿತ್ತು, ಯುವಕನು ಯಾವಾಗ ಬಿಟ್ಟನೋ, ನಾವು ಗಮನಿಸಿರಲಿಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಪರಿಚಯದ ರೈತರೊಬ್ಬರ ತೋಟದ ಬಾವಿಗೆ ಹೋಗಿ, ಹಿಂದಿನ ಪದ್ಧತಿಯಂತೆ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಸು ಕಲಿಯತೊಡಗಿದೆವು. ಮೊದಲ ವಾರ ಓಣಿಯ ಹುಡುಗರು ನೋಡಿ ನಕ್ಕರು. ಈಗ ಅವರಲ್ಲಿ ಐವರು ತಂದೆತಾಯಿಗಳ ಅಪ್ಪಣೆ ಪಡೆದು ನಮ್ಮ ಸಂಗಡ ಬರುತ್ತಾರೆ. ಬಾವಿಯ ಕಟ್ಟೆಯ ಮೇಲೆ ಈಸುಬಲ್ಲವರೊಬ್ಬರು ಹಗ್ಗ ಹಿಡಿದು ಕೂತಿರುತ್ತಾರೆ. ನಮ್ಮ ಬುರುಡೆ ಇನ್ನೂ ಬಿಚ್ಚಿಲ್ಲ. ಒಬ್ಬ ಹುಡುಗನದು ಮೊನ್ನೆ ಸೋಮವಾರ ಬಿಚ್ಚಿದ್ದಾಯಿತು.