ನೋ ಎರರ್

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಗ ನಮಗೆ ಪರಿಚಯವಾದ ಇಂಗ್ಲಿಷ್ ಜಗತ್ತೇ ಬೇರೆ. ಅಲ್ಲಿ ಪೊಲೀಸರು ಬರುವಷ್ಟರಲ್ಲಿ ಕಳ್ಳ ಪರಾರಿಯಾಗಿರುತ್ತಿದ್ದ, ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ರೈಲು ಹೊರಟುಬಿಟ್ಟಿರುತ್ತಿತ್ತು, ಡಾಕ್ಟರು ಬರುವ ಮುಂಚೆಯೇ ರೋಗಿ ಸತ್ತಿರುತ್ತಿದ್ದ. ಯಾವ ಗೈಡ್ ತೆರೆದರೂ ಆ ರೋಗಿ ಬದುಕಲಿಲ್ಲ. ಪಾಸ್ಟ್ ಪರ್ಫೆಕ್ಟ್ ಕಲಿಸಬೇಕೆಂದರೆ ಅವನು ಸಾಯಲೇಬೇಕಿತ್ತು.

ಪ್ರಶ್ನೆಪತ್ರಿಕೆಯಲ್ಲಿ ವಾಕ್ಯವನ್ನು ಅಡ್ಡಗೀಟು ಎಳೆದು ನಾಲ್ಕು ತುಂಡು ಮಾಡಿ ಎ, ಬಿ, ಸಿ, ಡಿ ಎಂದು ಗುರುತು ಹಾಕಿರುತ್ತಿದ್ದರು. ತಪ್ಪು ಯಾವ ತುಂಡಿನಲ್ಲಿದೆ ಹೇಳಬೇಕು. ಕೋಚಿಂಗ್‌ನ ಸರ್ ಅದಕ್ಕೆಲ್ಲ ಮಂತ್ರ ಕೊಟ್ಟಿದ್ದರು: ‘ಹಾರ್ಡ್ಲಿ ಬಂದ್ರ ವೆನ್, ನೋ ಸೂನರ್ ಬಂದ್ರ ದ್ಯಾನ್.’ ‘ಒನ್ ಆಫ್ ಕಂಡ್ರ ನಾಮಪದ ಬಹುವಚನ, ಕ್ರಿಯಾಪದ ಏಕವಚನ.’ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಲೂ ಇವನ್ನೇ ಗುನುಗುತ್ತಿದ್ದೆವು. ಮುಂದೆ ಬ್ಯಾಂಕಿನ ಕೌಂಟರಿನಲ್ಲಿ ಕೂತ ಇಷ್ಟು ವರ್ಷಗಳಲ್ಲಿ ನೋ ಸೂನರ್ ಎಂದು ಮಾತು ಶುರುಮಾಡಿದ ಗ್ರಾಹಕ ಒಬ್ಬನೂ ಬಂದಿಲ್ಲ. ಬಂದಿದ್ದರೆ ಚಹಾ ತರಿಸುತ್ತಿದ್ದೆ.

ನಾಲ್ಕು ತುಂಡುಗಳ ಆಚೆಗೆ ಐದನೆಯದೊಂದಿತ್ತು. ಇ, ಅಂದರೆ ನೋ ಎರರ್. ನಮ್ಮನ್ನು ಕಾಡುತ್ತಿದ್ದದ್ದು ಅದೇ. ಒಂದು ವಾಕ್ಯ ಸರಿಯಾಗಿದೆ ಎನ್ನಲು ಯಾರಿಗೂ ಧೈರ್ಯ ಸಾಲುತ್ತಿರಲಿಲ್ಲ. “ಲೇ, ತಪ್ಪ ಇರದಿದ್ರ ಪೇಪರಿನ್ಯಾಗ ಯಾಕ ಕೊಡ್ತಿದ್ರು?” ಎನ್ನುತ್ತಿದ್ದ ನನ್ನ ರೂಮ್‌ಮೇಟ್. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ ಬೇರೆ. ಹಾಗಾಗಿ ಏನೂ ಪಾಪ ಮಾಡದ ಎಷ್ಟೋ ವಾಕ್ಯಗಳನ್ನು ನಾವು ಪೊಲೀಸ್ ಠಾಣೆಯಲ್ಲಿ ಕೂರಿಸಿದಂತೆ ಕೂರಿಸಿಕೊಂಡು ವಿಚಾರಣೆ ಮಾಡಿದ್ದೇವೆ. ಆ ಚಟ ಇನ್ನೂ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಆರ್ಟಿಕಲ್ ಕಣ್ಣಿಗೆ ಬೀಳುತ್ತದೆ.

ನಮ್ಮ ಕೋಣೆಯ ಆಸ್ತಿಯೆಂದರೆ ರಟ್ಟು ಕಿತ್ತುಹೋದ ಒಂದು ರೆನ್ ಅಂಡ್ ಮಾರ್ಟಿನ್. ಈ ರೆನ್ ಸಾಹೇಬ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವನು. ಆಗ ಧಾರವಾಡವೂ ಅದೇ ಪ್ರಾಂತದ್ದು. ಹೊರಗಿನವರು ಅವನನ್ನು ನೆನೆಯುವುದು ಮಾತ್ರ ‘ಬೋ ಜೆಸ್ಟ್’ ಎಂಬ 1924ರ ಸಾಹಸ ಕಾದಂಬರಿಗೆ: ಮರಳುಗಾಡು, ಫ್ರೆಂಚ್ ವಿದೇಶಿ ದಳ, ಕದ್ದ ನೀಲಮಣಿ. ಇಂಥದ್ದನ್ನು ಬರೆಯಬಲ್ಲವನ ಹೆಸರಿನಲ್ಲಿ ನಮಗೆ ಸಿಕ್ಕದ್ದು ಪ್ರಿಪೊಸಿಷನ್ನು!

ತಪ್ಪು ವಾಕ್ಯ ಕೊಟ್ಟು ತಿದ್ದಿಸುವ ವಿದ್ಯೆ ಅವನಿಗಿಂತ ಬಹಳ ಹಳೆಯದು. ಹದಿನೆಂಟನೆಯ ಶತಮಾನದ ನಡುವಿಗೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಶಾಲೆ ನಡೆಸುತ್ತಿದ್ದ ಆನ್ ಫಿಶರ್ ಎಂಬಾಕೆ ತನ್ನ ವ್ಯಾಕರಣದಲ್ಲಿ ಬೇಕೆಂದೇ ಕೆಟ್ಟ ಇಂಗ್ಲಿಷ್ ಅಚ್ಚು ಹಾಕಿಸಿ, ಮಕ್ಕಳೇ ತಿದ್ದಲಿ ಎಂದಳು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ 1762ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಶೇಕ್ಸ್‌ಪಿಯರ್, ಮಿಲ್ಟನ್ನರ ತಪ್ಪುಗಳನ್ನೇ ಹೆಕ್ಕಿ ಅಡಿಟಿಪ್ಪಣಿಯಲ್ಲಿ ಸಾಲಾಗಿ ನಿಲ್ಲಿಸಿದ. ನಮ್ಮ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಪಂಪ, ಪೊನ್ನ, ಅಸಗರ ದಾರಿಯೇ ತನಗೆ ಲಕ್ಷ್ಯ ಎಂದು ಮೊದಲೇ ಸಾರಿಬಿಟ್ಟಿದ್ದ. ಕವಿ ಹೇಳಿದ್ದು ಸೂತ್ರಕ್ಕೆ ಆಧಾರ. ಬಿಷಪ್ಪನ ಲೆಕ್ಕದಲ್ಲಿ ಕವಿಯೂ ಪರೀಕ್ಷೆಗೆ ಕೂತ ಹುಡುಗನೇ. ನನ್ನ ಒಲವು ಯಾರ ಕಡೆ ಎಂದು ಹೇಳಬೇಕಿಲ್ಲ, ಆದರೆ ನನಗೆ ಪಗಾರ ಕೊಡಿಸಿದ್ದು ಬಿಷಪ್ಪನ ಪಂಥ.

ಈ ಪಂಥವನ್ನು ಮನೆಮನೆಗೆ ಮುಟ್ಟಿಸಿದವನು ಲಿಂಡ್ಲೆ ಮರ್ರೆ. ಅಮೆರಿಕದಲ್ಲಿ ವಕೀಲಿ ಮಾಡಿ, ಇಂಗ್ಲೆಂಡಿನ ಯಾರ್ಕ್ ಬಳಿ ಬಂದು ನೆಲೆಸಿದವನು. ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆಂದು 1795ರಲ್ಲಿ ವ್ಯಾಕರಣ ಬರೆದ. 1797ರಲ್ಲಿ ತಿದ್ದುವ ಅಭ್ಯಾಸಗಳದ್ದೊಂದು ಪುಸ್ತಕ, ಉತ್ತರಗಳದ್ದೇ ಇನ್ನೊಂದು. ಕೀ ಆನ್ಸರಿನ ಮಹಿಮೆ ಆ ವಕೀಲನಿಗೆ ಆಗಲೇ ಗೊತ್ತಿತ್ತು.

ಎಂಬಿಎ ಸೇರುವವರು ಬರೆಯುವ ಜಿಮ್ಯಾಟ್ ಪರೀಕ್ಷೆಯಲ್ಲಿ ಸೆಂಟೆನ್ಸ್ ಕರೆಕ್ಷನ್ ಎಂದರೆ ದೊಡ್ಡ ಗುಮ್ಮ. ವಾಕ್ಯದ ಕೆಳಗೆ ಗೆರೆ, ಐದು ಆಯ್ಕೆ, ಮೊದಲನೆಯದು ಇದ್ದದ್ದು ಇದ್ದ ಹಾಗೆ. 2023ರ ನವೆಂಬರಿನಲ್ಲಿ ಬಂದ ಹೊಸ ಜಿಮ್ಯಾಟ್ ಅದನ್ನು ಕೈಬಿಟ್ಟಿತು. ಬ್ಯಾಂಕ್ ಪರೀಕ್ಷೆಗಳು ಬಿಟ್ಟಿಲ್ಲ. ತಂಗಿಯ ಮಗಳು ಈಗ ಅದೇ ಸಪ್ತಾಪುರದಲ್ಲಿ ಓದುತ್ತಾಳೆ, ಮೊಬೈಲಿನಲ್ಲಿ ಮಾಕ್ ಟೆಸ್ಟ್ ಕೊಡುತ್ತಾಳೆ. ಮೊನ್ನೆ ಫೋನ್ ಮಾಡಿ ಒಂದು ವಾಕ್ಯ ಓದಿದಳು: ‘ದ ತ್ರೀ ಬ್ರದರ್ಸ್ ಹೆಲ್ಪ್ಡ್ ಈಚ್ ಅದರ್.’

“ನೋ ಎರರ್,” ಅಂದೆ ತಡಮಾಡದೆ.

“ಅಲ್ರೀ ಮಾಮಾ, ಇಬ್ಬರಿದ್ರ ಈಚ್ ಅದರ್, ಮೂವರಿದ್ರ ಒನ್ ಅನದರ್ ಆಗ್ಬೇಕಂತ.”

ನಾನು ಬಿಡಲಿಲ್ಲ. ಒಳ್ಳೊಳ್ಳೆಯ ಲೇಖಕರು ಆ ಭೇದ ಮಾಡಿದವರೇ ಅಲ್ಲ, ಇಂಗ್ಲಿಷ್ ಬಳಕೆಯ ಪಂಡಿತ ಫೌಲರ್ 1926ರಲ್ಲೇ ಈ ನಿಯಮಕ್ಕೆ ಹಿಂದಿನ ಆಧಾರವೂ ಇಲ್ಲ, ಈಗಿನ ಉಪಯೋಗವೂ ಇಲ್ಲ ಎಂದು ಬರೆದಿದ್ದಾನೆ ಎಂದು ವಿವರಿಸತೊಡಗಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಸಂಸ್ಕಾರವಂತೆ.

“ಸರಿ ಯಾವುದು ಅಂತ ನಾ ಕೇಳಲಿಲ್ರೀ ಮಾಮಾ. ಕೀ ಆನ್ಸರಿನ್ಯಾಗ ಏನ್ ಕೊಟ್ಟಿರ್ತಾರ, ಅಷ್ಟ ಹೇಳ್ರಿ.”