ಎಲ್ಲಿಗೆ ಬೇಕಾದ್ರೂ ಹೋಗಿ, ನಾಯಿ ಕಾಯುತ್ತೆ

ನಮ್ಮ ಕಾಲದ ಮಕ್ಕಳಿಗೆ ಪೊಕೆಮಾನ್ ಅಂದ್ರೆ ಎರಡೇ. ಸ್ಕೂಲಿಂದ ಬಂದು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹಿಂದಿಯಲ್ಲಿ ನೋಡಿದ ಸೀರಿಯಲ್, ಮತ್ತೆ ಚಿಪ್ಸ್ ಪೊಟ್ಟಣದೊಳಗಿನ ಟಾಝೋ. ಗೇಮ್ ಆಡೋ ಮಷೀನು ನಮ್ಮೂರಲ್ಲಿ ಯಾರ ಹತ್ರಾನೂ ಇರಲಿಲ್ಲ. ಹಾಗಾಗಿ ಮೂವತ್ತರ ಹತ್ತಿರ ಬಂದಮೇಲೆ, ಗೆಳೆಯನೊಬ್ಬ ಅಮೆರಿಕದಿಂದ ತಂದುಕೊಟ್ಟ ಸ್ವಿಚ್‌ನಲ್ಲಿ ‘ಪೊಕೆಮಾನ್ ವೈಲೆಟ್’ ಶುರು ಮಾಡಿದಾಗ ಚಿಕ್ಕಂದಿನ ಸಾಲ ತೀರಿಸಿಕೊಂಡ ಹಾಗಾಯ್ತು.

ಈ ಗೇಮ್ ಬಂದದ್ದು 2022ರ ನವೆಂಬರ್‌ನಲ್ಲಿ, ‘ಸ್ಕಾರ್ಲೆಟ್’ ಅನ್ನೋ ಜೋಡಿಯ ಜೊತೆ. 1996ರಿಂದ ಈ ಸರಣಿಯ ಮುಖ್ಯ ಗೇಮ್‌ಗಳದ್ದು ಹೆಚ್ಚುಕಡಿಮೆ ಒಂದೇ ದಾರಿ. ಒಂದು ಊರು, ಒಂದು ರಸ್ತೆ, ಒಬ್ಬ ಜಿಮ್ ಲೀಡರ್, ಗೆದ್ದರೆ ಮುಂದಿನ ಊರು. ಇಲ್ಲಿ ಅದನ್ನ ಮುರಿದುಬಿಟ್ಟಿದ್ದಾರೆ. ಸ್ಪೇನ್ ಸುತ್ತಮುತ್ತಲಿನ ನೆಲವನ್ನ ನೋಡಿ ಕಟ್ಟಿದ ಪಾಲ್ಡಿಯಾ ಅನ್ನೋ ನಾಡು, ಅದರಲ್ಲಿ ಮೂರು ಕಥೆ. 8 ಜಿಮ್, 5 ದೈತ್ಯ ಪ್ರಾಣಿಗಳು, ಸ್ಕೂಲಿಗೆ ಚಕ್ಕರ್ ಹೊಡೆದ ಹುಡುಗರ 5 ಅಡ್ಡೆಗಳು. ಯಾವುದನ್ನ ಮೊದಲು ಮಾಡ್ತೀರೋ ನಿಮ್ಮಿಷ್ಟ.

ಚೆನ್ನಾಗಿರೋದು ಮೊದಲು ಹೇಳ್ತೀನಿ. ಪ್ರಾಣಿಗಳು ಹುಲ್ಲಲ್ಲಿ ಕಣ್ಣಿಗೇ ಕಾಣುತ್ತವೆ. ಕೆಲವು ಎಷ್ಟು ಚಿಕ್ಕವು ಅಂದ್ರೆ ಗೊತ್ತಾಗದೇ ಹೋಗಿ ಡಿಕ್ಕಿ ಹೊಡೀತೀವಿ. ಗುಡ್ಡದಾಚೆ ಏನೋ ಅಲ್ಲಾಡಿತು ಅಂತ ಹೋಗಿ, ಬಂದ ಕೆಲಸ ಮರೆತು ರಾತ್ರಿ ಒಂದಾಗಿರುತ್ತೆ. ಈ ಲೋಕವನ್ನ ಹುಟ್ಟುಹಾಕಿದ ಸತೋಶಿ ತಾಜಿರಿ ಹುಡುಗನಾಗಿದ್ದಾಗ ಹುಳ ಹಿಡಿಯೋದರಲ್ಲೇ ಮುಳುಗಿದ್ದವರು. ಆ ಖುಷಿಗೆ ಈ ಗೇಮ್ ಹತ್ತಿರ ಬಂದಿದೆ ಅನ್ಸುತ್ತೆ.

ಹುಳುಕೂ ಇದೆ. ದೂರದಲ್ಲಿ ನಡೆಯೋ ಜನ ಫ್ಲಿಪ್‌ಬುಕ್ ಚಿತ್ರದ ಥರ ತಡವರಿಸ್ತಾರೆ. ಅದೇ ಡಿಸೆಂಬರ್‌ನ ಅಪ್‌ಡೇಟ್ ಟಿಪ್ಪಣಿಯಲ್ಲಿ ನಿಂಟೆಂಡೊ ತಾನೇ ಕ್ಷಮೆ ಕೇಳಿತು. ಮೊದಲ ಮೂರೇ ದಿನದಲ್ಲಿ ಜೋಡಿ ಸೇರಿ 1 ಕೋಟಿ ಪ್ರತಿ ಹೋಗಿದ್ದವು ಅನ್ನೋದು ಬೇರೆ ಮಾತು. ಹೆಚ್ಚಿನ ಅಂಗಡಿಗಳಿಗೆ ಒಳಗೇ ಇಲ್ಲ, ಬಾಗಿಲಲ್ಲೇ ಮೆನು ತೆರೆಯುತ್ತೆ. ಇನ್ನು ‘ನಿಮ್ಮಿಷ್ಟ’ ಅನ್ನೋದೂ ಅರ್ಧ ನಿಜ. ಮೊದಲ ಜಿಮ್‌ನ ಪ್ರಾಣಿಗಳು 15ನೇ ಲೆವೆಲ್ ಆಸುಪಾಸು, ಕೊನೆಯದ್ದು 48ರವರೆಗೆ. ನೀವು ಬೆಳೆದಂತೆ ಅವು ಬೆಳೆಯಲ್ಲ. ಅಂದ್ರೆ ಕ್ರಮ ಒಂದಿದೆ, ಹೇಳಲ್ಲ ಅಷ್ಟೇ. ‘ಫ್ಲಾಟ್ ಆರ್ಗನೈಸೇಷನ್’ ಅಂತ ಹೇಳಿಕೊಳ್ಳೋ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ ಬಿಡಿ.

ಆದ್ರೆ ನನಗೆ ಚುಚ್ಚಿದ್ದು ಇದ್ಯಾವುದೂ ಅಲ್ಲ. ದೈತ್ಯ ಪ್ರಾಣಿಗಳ ಕಥೆಯಲ್ಲಿ ಆರ್ವೆನ್ ಅಂತ ಒಬ್ಬ ಹುಡುಗ ಬರ್ತಾನೆ. ಅಪ್ಪ ದೊಡ್ಡ ಪ್ರೊಫೆಸರ್, ಯಾವಾಗಲೂ ಲ್ಯಾಬಲ್ಲೇ. ಹುಡುಗನಿಗೆ ಜೊತೆಗಿದ್ದದ್ದು ಮಬಾಸ್ಟಿಫ್ ಅನ್ನೋ ನಾಯಿ. ಅದು ಏಟು ತಿಂದು, ಕಣ್ಣು ಬಿಡಲಾರದೆ ಮಲಗಿದೆ. ಆ ದೈತ್ಯರು ಕಾಯೋ ಐದು ಸೊಪ್ಪುಗಳನ್ನ ತಂದು ಸ್ಯಾಂಡ್‌ವಿಚ್ ಮಾಡಿ ತಿನ್ನಿಸಿದ್ರೆ ವಾಸಿಯಾಗಬಹುದು ಅಂತ ಅವನ ನಂಬಿಕೆ.

ನಾಯಿಯನ್ನ ನೋಡಿ ಅಯ್ಯೋ ಅಂದ ನಾನು ಏನು ಮಾಡಿದೆ ಗೊತ್ತಾ? ಜಿಮ್ ಮುಗಿಸಿಬಿಡೋಣ ಅಂತ ಬೇರೆ ಕಡೆ ಹೋದೆ. ಎರಡು ವಾರ. ವಾಪಸ್ ಬಂದಾಗ ನಾಯಿ ಹಾಗೇ ಮಲಗಿತ್ತು. ಹದಗೆಟ್ಟೂ ಇರಲಿಲ್ಲ, ಆರ್ವೆನ್ ಬೇಜಾರೂ ಮಾಡ್ಕೊಳ್ಳಲಿಲ್ಲ. ಹೊಸ ದಾರಿಯ ದೊಡ್ಡ ದೋಷ ಇದೇ. ಎಲ್ಲಿಗೆ ಹೋದರೂ ಸರಿ ಅಂದಮೇಲೆ, ಹೋಗದೇ ಇದ್ದದ್ದಕ್ಕೆ ಬೆಲೆಯೇ ಇಲ್ಲ.

ಊರಲ್ಲಿ ನಮ್ಮ ಕರಿಯ ಇದ್ದ. ಹದಿಮೂರು ವರ್ಷದ ನಾಯಿ. ಆ ಸಲ ಮಳೆಗಾಲದಲ್ಲಿ ‘ಊಟ ಬಿಟ್ಟಿದಾನೆ ಕಣೋ’ ಅಂತ ಅಮ್ಮ ಹೇಳಿದ್ರು. ಮುಂದಿನ ವಾರ ಬರ್ತೀನಿ ಅಂದೆ. ಅದರ ಮುಂದಿನ ವಾರಾನೂ ಅದನ್ನೇ ಅಂದೆ. ಆಮೇಲೆ ಒಂದು ದಿನ ಫೋನಲ್ಲಿ ಬೇರೇನೋ ಮಾತಾಡ್ತಾ, ‘ಕರಿಯ ಹೋಗಿ ಎರಡು ದಿನ ಆಯ್ತು. ನಿಂಗೆ ಅದೇನೋ ರಿಲೀಸ್ ಇತ್ತಂತಲ್ಲ, ಅದ್ಕೇ ಹೇಳ್ಲಿಲ್ಲ’ ಅಂದ್ರು. ‘ಹೌದಾ’ ಅಂದು ಮೀಟಿಂಗಿಗೆ ಸೇರಿಕೊಂಡಿದ್ದೆ.

ಐದನೇ ಸೊಪ್ಪು ಸಿಕ್ಕ ರಾತ್ರಿ ಮಬಾಸ್ಟಿಫ್ ಎದ್ದು ನಿಂತಿತು. ಆರ್ವೆನ್ ಅತ್ತ. ಈ ಸರಣಿಯಲ್ಲಿ ಹೀಗೆ ಬರೆದ ಪಾತ್ರವನ್ನ ನಾನಂತೂ ಕಂಡಿರಲಿಲ್ಲ. ಅದಕ್ಕೆ ನಾಡು ದೊಡ್ಡದಿರಬೇಕು ಅಂತೇನಿಲ್ಲ. ಆದರೂ ಒಂದು ಒಪ್ಪಿಕೊಳ್ತೀನಿ, ಅಲ್ಲಿಗೆ ನನ್ನನ್ನ ಯಾರೂ ತಳ್ಳಿರಲಿಲ್ಲ. ತಡವಾಗಿಯಾದ್ರೂ ನಾನೇ ಹೋಗಿದ್ದೆ.

ಗೇಮ್ ನಿಲ್ಲಿಸಿ ಅಮ್ಮನಿಗೆ ಫೋನ್ ಮಾಡಿದೆ. ಹನ್ನೊಂದೂವರೆ. ‘ಏನಾಯ್ತೋ ಇಷ್ಟೊತ್ತಲ್ಲಿ?’ ಅಂತ ಗಾಬರಿಯಾದ್ರು.

‘ಏನಿಲ್ಲಮ್ಮ. ಕರಿಯನ್ನ ಎಲ್ಲಿ ಹೂತಿದ್ದು?’

ಸ್ವಲ್ಪ ಹೊತ್ತು ಸುಮ್ಮನಿದ್ರು. ‘ಹಿತ್ಲಲ್ಲಿ, ಹಲಸಿನ ಮರದ ಹತ್ರ. ಬಂದಾಗ ತೋರಿಸ್ತೀನಿ’ ಅಂದ್ರು. ಶುಕ್ರವಾರದ ಬಸ್ಸಿಗೆ ಬುಕ್ ಮಾಡಿದೆ.