ಸಣ್ಣ ಕೆಲಸಕ್ಕೂ ದೊಡ್ಡ ಸಂಬಳ ಬೇಕು

ಆಂಗ್ ಮೋ ಕಿಯೋ, ಸಿಂಗಪುರ

ಪ್ರೀತಿಯ ಅಪ್ಪಯ್ಯ,

"ಸಂಬಳ ನೋಡಬೇಡ, ಮೊದಲು ಸಣ್ಣದೊಂದು ಕೆಲಸ ಹಿಡಿ, ಆಮೇಲೆ ಪರೀಕ್ಷೆ ಕಟ್ಟಿ ಮೇಲೆ ಹೋಗು" ಎಂದು ಫೋನಿನಲ್ಲಿ ಹೇಳಿದಿರಲ್ಲ. ಸಿಂಡಿಕೇಟ್ ಬ್ಯಾಂಕಿಗೆ ಗುಮಾಸ್ತರಾಗಿ ಸೇರಿ, ಸಿಎಐಐಬಿ ಪರೀಕ್ಷೆ ಮುಗಿಸಿ, ಮ್ಯಾನೇಜರ್ ಆಗಿ ನಿವೃತ್ತರಾದ ನೀವು ಬೇರೆ ಏನು ತಾನೇ ಹೇಳೀರಿ? ಆದರೆ ಈ ಊರಿನಲ್ಲಿ ಆ ದಾರಿಯೇ ಇಲ್ಲ. ಫೋನಿನಲ್ಲಿ ಬಿಡಿಸಿ ಹೇಳಹೊರಟರೆ ಅಮ್ಮ ನಡುವೆ ಬಂದು ಇವತ್ತು ಏನು ಅಡುಗೆ ಎನ್ನುತ್ತಾಳೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಬಂದಿರುವುದು ಇವರ ಹೆಂಡತಿ ಎಂಬ ಡಿಪೆಂಡೆಂಟ್ ಪಾಸಿನ ಮೇಲೆ. 2021ರ ಮೇ ತಿಂಗಳಿಗೆ ಮೊದಲು ನನ್ನಂಥವರು ಒಂದು ಒಪ್ಪಿಗೆ ಪತ್ರ ತೆಗೆದುಕೊಂಡು ಕೆಲಸಕ್ಕೆ ಸೇರಬಹುದಿತ್ತು. ಈಗ ನಮ್ಮದೇ ಹೆಸರಿನಲ್ಲಿ ಕೆಲಸದ ಪಾಸು ಆಗಬೇಕು. ಎಂಪ್ಲಾಯ್‌ಮೆಂಟ್ ಪಾಸಿಗೆ 2025ರ ಜನವರಿಯಿಂದ ತಿಂಗಳಿಗೆ ಕನಿಷ್ಠ 5,600 ಸಿಂಗಪುರ ಡಾಲರ್ ಸಂಬಳ ಬೇಕು, ಹಣಕಾಸು ವಲಯದಲ್ಲಾದರೆ 6,200. (ರೂಪಾಯಿಯಲ್ಲಿ ನಾಲ್ಕು ಲಕ್ಷ ದಾಟುತ್ತದೆ. ಆ ಲೆಕ್ಕ ಅಮ್ಮನ ಕಿವಿಗೆ ಹಾಕಬೇಡಿ.) ಅದೂ ಎಳೆಯರಿಗೆ. ವಯಸ್ಸು ಏರಿದಂತೆ ಈ ಮೊತ್ತವೂ ಏರಿ, ನಲವತ್ತೈದರ ಹೊತ್ತಿಗೆ ಹಣಕಾಸು ವಲಯದಲ್ಲಿ 11,800 ಆಗುತ್ತದೆ. ನಾಲ್ಕು ಸಾವಿರಕ್ಕೆ ದುಡಿಯಲು ನಾನು ತಯಾರು, ಕೊಡಲು ಕಂಪನಿಯೂ ತಯಾರು, ಆದರೂ ಆ ಪಾಸು ಸಿಗದು. ಕೆಳಗಿನ ದರ್ಜೆಯ ಎಸ್ ಪಾಸ್ ಎಂಬುದೊಂದು ಇದೆ. ಅದಕ್ಕೆ ಕಂಪನಿಗೆ ಕೋಟಾ, ಮೇಲೆ ತಿಂಗಳು ತಿಂಗಳು ಸುಂಕ. ಹಾಗಾಗಿ ಕೆಲಸ ಕೊಡಿಸುವ ಏಜೆನ್ಸಿಯವರು ಹೆಸರು ಕೇಳಿದ ಮರುಕ್ಷಣ ಕೇಳುವುದು "ಯಾವ ಪಾಸು?" ಅಂತ. ಓದಿನ ಸುದ್ದಿ ಆಮೇಲೆ.

ಸಂಬಳ ಕೂಡಿಬಂದರೂ ಕಂಪಾಸ್ ಎಂಬ ಅಂಕಪಟ್ಟಿ ಇದೆ, 2023ರ ಸೆಪ್ಟೆಂಬರಿನಿಂದ. ಪಾಸಾಗಲು 40 ಅಂಕ. ಇಲ್ಲಿಯ ಮಾರುಕಟ್ಟೆ ಪಕ್ಕದ ಹಾಕರ್ ಸೆಂಟರ್ ಎಂಬ ತಿಂಡಿ ಅಂಗಡಿಗಳ ಸಾಲಿನಲ್ಲಿ ಕಾಫಿ ಕುಡಿಯುತ್ತಾ, ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನನ್ನ ವಯಸ್ಸು, ಪದವಿ, ಸಂಬಳ ಎಲ್ಲ ತುಂಬಿ ನೋಡಿದೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯವಾದರೆ 20, ನನ್ನ ಮಂಗಳೂರಿನ ಪದವಿಗೆ 10. ಸಂಬಳಕ್ಕೆ ಅಂಕ ಬೀಳುವುದು ಇದೇ ವಲಯದ ಇಲ್ಲಿನವರ ಸಂಬಳದ ಪಕ್ಕ ಇಟ್ಟು ನೋಡಿ. ನನ್ನ ಕಣ್ಣು ನಿಂತದ್ದು ಮೂರನೆಯ ಸಾಲಿನ ಮೇಲೆ. ಕಂಪನಿಯ ಮೇಲ್ದರ್ಜೆ ನೌಕರರಲ್ಲಿ ನಮ್ಮ ದೇಶದವರು ಶೇ. 5ಕ್ಕಿಂತ ಕಡಿಮೆ ಇದ್ದರೆ 20 ಅಂಕ, ಕಾಲು ಭಾಗವೋ ಹೆಚ್ಚೋ ಇದ್ದರೆ ಸೊನ್ನೆ. "ನಮ್ಮವರು ಇರುವ ಕಡೆ ಕೇಳು" ಎಂದು ಅಮ್ಮ ಹೇಳುತ್ತಾಳಲ್ಲ, ನಮ್ಮವರು ಕಿಕ್ಕಿರಿದ ಕಡೆಯೇ ನನಗೆ ಬಾಗಿಲು ಕಿರಿದು. ಈಗ ಜಪಾನಿನ, ಯುರೋಪಿನ ಸಣ್ಣ ಬ್ಯಾಂಕುಗಳ ಜಾಹೀರಾತು ಹುಡುಕುತ್ತಿದ್ದೇನೆ. ನಿಯಮ ತಪ್ಪು ಎನ್ನಲಾರೆ. ತಮ್ಮ ಮಕ್ಕಳಿಗೆ ಮೊದಲು ಕೆಲಸ ಸಿಗಲಿ ಎಂದು ಯಾವ ಊರಿನವರು ಬಯಸುವುದಿಲ್ಲ?

ಇನ್ನು ಪರೀಕ್ಷೆಯ ಮಾತು. ಸಿಎಫ್‌ಎ ಮಾಡು ಎನ್ನುವವರು ಬೇಕಾದಷ್ಟು ಜನ. ಮೂರು ಹಂತ, ಕೆಲವು ವರ್ಷ. ಮುಗಿಸಿದಾಗ ಹೂಡಿಕೆ ವಿಭಾಗದಲ್ಲಿ ನಾನು ಅನುಭವವಿಲ್ಲದ ಹೊಸಬಳು, ಆದರೆ ವಯಸ್ಸಿಗೆ ತಕ್ಕ ಸಂಬಳ ಮಾತ್ರ ಕೊಡಲೇಬೇಕು. ಯಾರು ಕೊಡುತ್ತಾರೆ? ವಿಮೆ, ಮ್ಯೂಚುವಲ್ ಫಂಡ್ ಮಾರಲು ಸಿಎಂಫ್ಯಾಸ್ ಎಂಬ ಪೇಪರುಗಳಿವೆ. ಕಟ್ಟಿದರೆ ಸಾಲದು, ಕಂಪನಿ ನೇಮಿಸಿಕೊಳ್ಳಬೇಕು, ಆಗ ಹೆಸರು ಎಂಎಎಸ್ ಎಂಬ ಇಲ್ಲಿನ ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಪಟ್ಟಿಗೆ ಏರುತ್ತದೆ. ನಿಮ್ಮ ಬ್ಯಾಂಕಿನ ಪಿಗ್ಮಿ ಏಜೆಂಟರು ಬರೀ ನಂಬಿಕೆಯ ಮೇಲೆ ಪೇಟೆಯೆಲ್ಲ ಸುತ್ತಿ ದುಡ್ಡು ಎತ್ತುತ್ತಿದ್ದದ್ದು ನೆನಪಾಗಿ ನಗು ಬಂತು.

ಕೊನೆಗೆ ನಾನು ಆರಿಸಿದ್ದು ಕ್ಯಾಮ್ಸ್, ಅಕ್ರಮ ಹಣ ತಡೆಯುವ ಕೆಲಸದ ಪರೀಕ್ಷೆ. ಬೆಂಗಳೂರಿನಲ್ಲಿ ನಾನು ಮಾಡಿದ್ದೂ ಗಿರಾಕಿಗಳ ಗುರುತು ಪರಿಶೀಲಿಸುವ ಕೆವೈಸಿಯೇ ತಾನೆ. 2023ರ ಆಗಸ್ಟಿನಲ್ಲಿ ಇಲ್ಲಿನ ಪೊಲೀಸರು ಅಕ್ರಮ ಹಣದ ಆರೋಪದ ಮೇಲೆ ಒಂದೇ ದಿನ ಹತ್ತು ಮಂದಿ ವಿದೇಶಿಯರನ್ನು ಹಿಡಿದರು. ಬಂಗಲೆ, ಕಾರು, ಚಿನ್ನದ ಗಟ್ಟಿ ಎಲ್ಲ ಸೇರಿ ಕೊನೆಗೆ ಸುಮಾರು 300 ಕೋಟಿ ಡಾಲರಿನ ಪ್ರಕರಣವಾಯಿತು. ಇದೇ ಪ್ರಕರಣಕ್ಕೆ ಸಂಬಂಧಿಸಿ 2025ರ ಜುಲೈಯಲ್ಲಿ ಒಂಬತ್ತು ಹಣಕಾಸು ಸಂಸ್ಥೆಗಳಿಗೆ ಎಂಎಎಸ್ ಒಟ್ಟು 2.745 ಕೋಟಿ ಡಾಲರ್ ದಂಡ ಹಾಕಿತು. "ಈ ಗಿರಾಕಿಯ ಆಸ್ತಿ ಎಲ್ಲಿಂದ ಬಂತು?" ಎಂದು ಕಾಗದ ಹಿಡಿದು ಕೇಳುವವರು ಬ್ಯಾಂಕುಗಳಿಗೆ ಬೇಕು. ಅದು ನನಗೆ ಗೊತ್ತಿರುವ ಕೆಲಸ. ಫೀಸು ಮಾತ್ರ ಪೂರ್ತಿ ನಮ್ಮ ಕೈಯಿಂದಲೇ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಕೆಲಸದ ಪಾಸಿಗೆ ಅರ್ಜಿ ಹಾಕುವಾಗ ಹೊರದೇಶದ ಪದವಿ ನಿಜವೆಂದು ಪರಿಶೀಲಿಸಿದ ದಾಖಲೆ ಕೊಡಬೇಕು. ಕಪಾಟಿನ ಮೇಲಿನ ಖಾನೆಯಲ್ಲಿ ನನ್ನ ಘಟಿಕೋತ್ಸವ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡುಗಳು ಇವೆ. ಎರಡೂ ಬದಿ ಸ್ಕ್ಯಾನ್ ಮಾಡಿಸಿ ಕಳಿಸಿ. ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆಯೋ, ಪಾಸ್‌ಪೋರ್ಟಿನಲ್ಲಿರುವಂತೆ ನಿಮ್ಮ ಹೆಸರು ಪೂರ್ತಿ ಇದೆಯೋ ನೋಡಿ. ಬೇರೆ ಬೇರೆ ಇದ್ದರೆ ನೋಟರಿಯವರ ಹತ್ತಿರ ಅಫಿಡವಿಟ್ ಮಾಡಿಸುವುದು ಹೇಗೆ ಎಂದು ಕೇಳಿಡಿ.

ನಿಮ್ಮ ಮಗಳು